ಚಂದ್ರಕಾಳಿ ಸೀರೆ ಮಾಯವಾದ ಪ್ರಕರಣ: ಇಳಕಲ್ ಅಂಗಡಿಯ ಫೋಟೊಗಳಲ್ಲಿ ಆಲ್ಫಾ ಚಾನೆಲ್ ತೊಂದರೆ

ಇಳಕಲ್‌ನಲ್ಲಿ ನಮ್ಮ ಕಾಕಾನ ಸೀರೆ ಅಂಗಡಿ ಇದೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ಎರಡೂ ಮಾರುತ್ತಾರೆ. ಆನ್‌ಲೈನ್‌ನಲ್ಲೂ ಮಾರೋಣ ಅಂತ ಎಲ್ಲದರ ಫೋಟೊ ತೆಗೆದಿದ್ದರು. ಕಾಕಾನ ಮಗಳು, ಅಂದರೆ ನನ್ನ ತಂಗಿ, ಫೋನಿನ ಆ್ಯಪ್‌ನಲ್ಲಿ ಹಿನ್ನೆಲೆ ತೆಗೆದು ಪಾರದರ್ಶಕ ಪಿಎನ್‌ಜಿ ಫೈಲುಗಳನ್ನು ಮಾಡಿದ್ದಳು. ಇನ್ನು ಕೆಲವನ್ನು ಒಬ್ಬ ಡಿಸೈನರ್ ಕೈಯಿಂದ ಕತ್ತರಿಸಿ ಕೊಟ್ಟಿದ್ದ. ಮಾರಾಟದ ಸೈಟ್ ಕೇಳುವುದು ಬಿಳಿ ಹಿನ್ನೆಲೆಯ ಜೆಪೆಗ್. ಫೈಲುಗಳು ನೂರಾರು. ಒಂದೊಂದನ್ನೇ ತೆರೆದು ಮತ್ತೆ ಸೇವ್ ಮಾಡುತ್ತಾ ಕೂತರೆ ಮುಗಿಯುವ ಕೆಲಸವಲ್ಲ. ಹಾಗಾಗಿ ತಂಗಿ ಲ್ಯಾಪ್‌ಟಾಪಿಗೆ, ಕಮಾಂಡ್ ಹೊಡೆದು ಚಿತ್ರಗಳನ್ನು ಬದಲಾಯಿಸುವ ಇಮೇಜ್‌ಮ್ಯಾಜಿಕ್ ಸಾಫ್ಟ್‌ವೇರ್ ಹಾಕಿಕೊಂಡು, ಒಂದೇ ಕಮಾಂಡಿನಲ್ಲಿ ಎಲ್ಲವನ್ನೂ ಜೆಪೆಗ್ ಮಾಡಿದಳು. ಸಂಜೆ ಕಾಕಾನ ಫೋನ್ ಬಂತು.

"ಚಂದ್ರಕಾಳಿ ಸೀರಿ ಎಲ್ಲಿ ಹೋತೋ ತಮ್ಮಾ? ಸೆರಗಷ್ಟ ಕಾಣಾಕತ್ತೈತಿ."

ಫೈಲು ಕಳಿಸಿದರು, ನೋಡಿದೆ. ಹಿನ್ನೆಲೆ ಪೂರ್ತಿ ಕಪ್ಪು. ಚಂದ್ರಕಾಳಿ ಸೀರೆಯ ಮೈ ಕೂಡ ಕಪ್ಪು. ಹಾಗಾಗಿ ಕೆಂಪು ಸೆರಗು, ಅದರ ಮೇಲಿನ ತೋಪು ತೆನೆ ಅನ್ನುವ ಬಿಳಿ ವಿನ್ಯಾಸ, ಇಷ್ಟೇ ಕತ್ತಲಲ್ಲಿ ತೇಲುತ್ತಿತ್ತು. ಅದರ ಪಕ್ಕದ ಫೈಲಿನಲ್ಲಿ ಇನ್ನೊಂದು ವಿಚಿತ್ರ. ಅಲ್ಲಿ ಕಪ್ಪು ಇರಲಿಲ್ಲ. ತೆಗೆದುಹಾಕಿದ್ದ ಹಿನ್ನೆಲೆಯೇ ವಾಪಸ್ ಬಂದಿತ್ತು! ಅಂಗಡಿಯ ಕೆಂಪು ಗ್ರಾನೈಟ್ ನೆಲ, ಮೂಲೆಯಲ್ಲಿ ಯಾರದೋ ಕಾಲು, ಪಕ್ಕದಲ್ಲಿ ತೆರೆದಿಟ್ಟ ಲೆಕ್ಕದ ಪುಸ್ತಕ.

ಒಂದೇ ಕಮಾಂಡು, ಒಂದೇ ದಿನ, ಎರಡು ಬೇರೆ ಬೇರೆ ಫಲ. ಇಂಥದ್ದು ಬಹಳ ಜನರಿಗೆ ಆಗುತ್ತದೆ. ಆಗ ಸಿಕ್ಕ ಸಿಕ್ಕ ಆಪ್ಷನ್ ಹಾಕಿ ನೋಡುವುದೇ ಜಾಸ್ತಿ. ನನ್ನ ಪ್ರಕಾರ ಆಲ್ಫಾ (ಚಿತ್ರದ ಯಾವ ಜಾಗ ಎಷ್ಟು ಪಾರದರ್ಶಕ ಅನ್ನುವ ಲೆಕ್ಕ) ತೊಂದರೆಯಲ್ಲಿ ಆ ದಾರಿ ಹಿಡಿಯಲೇಬಾರದು. ಮೊದಲು ಆಲ್ಫಾ ಒಂದನ್ನೇ ಬೇರೆ ತೆಗೆದು ಕಣ್ಣಿಂದ ನೋಡಬೇಕು. ಈ ಪ್ರಕರಣದಲ್ಲಿ ಬಗೆಹರಿದದ್ದೆಲ್ಲ ಹಾಗೆ ನೋಡಿದ್ದರಿಂದಲೇ.

(ಇಲ್ಲಿ ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಹೊಡೆಯುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.)

ಕಪ್ಪು ಎಲ್ಲಿಂದ ಬಂತು, ಗ್ರಾನೈಟ್ ಎಲ್ಲಿಂದ ಬಂತು

ಪಿಎನ್‌ಜಿಯ ಒಂದೊಂದು ಪಿಕ್ಸೆಲ್‌ನಲ್ಲೂ ಕೆಂಪು, ಹಸಿರು, ನೀಲಿ ಅಂತ ಮೂರು ಸಂಖ್ಯೆ ಇರುತ್ತವೆ. ಪಾರದರ್ಶಕತೆ ಇದ್ದರೆ ನಾಲ್ಕನೆಯದು ಆಲ್ಫಾ. ಸಾಮಾನ್ಯ ಫೈಲಿನಲ್ಲಿ ಅದು 0ರಿಂದ 255ರವರೆಗೆ. 0 ಅಂದರೆ ಏನೂ ಕಾಣುವುದಿಲ್ಲ, 255 ಅಂದರೆ ಪೂರ್ತಿ ಗಟ್ಟಿ. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಆಲ್ಫಾ 0 ಆದ ಪಿಕ್ಸೆಲ್‌ನಲ್ಲೂ ಉಳಿದ ಮೂರು ಸಂಖ್ಯೆಗಳು ಹೋಗಿರುವುದಿಲ್ಲ. ಪಾರದರ್ಶಕ ಮಾಡುವುದು ಅಂದರೆ ಅಳಿಸುವುದಲ್ಲ, ಮೇಲೆ ಚಾದರ ಹೊದಿಸಿದ ಹಾಗೆ. ಸಾಫ್ಟ್‌ವೇರ್ ತಾನಾಗಿ ಬದಲಾಯಿಸದಿದ್ದರೆ ಕೆಳಗೆ ಏನಿತ್ತೋ ಅದು ಇದ್ದಲ್ಲೇ ಇರುತ್ತದೆ.

ಜೆಪೆಗ್‌ನಲ್ಲಿ ಆಲ್ಫಾಗೆ ಜಾಗವಿಲ್ಲ. ಬೇರೇನೂ ಹೇಳದೆ ಜೆಪೆಗ್ ಮಾಡು ಅಂದರೆ ಇಮೇಜ್‌ಮ್ಯಾಜಿಕ್ ನಾಲ್ಕನೆಯ ಸಂಖ್ಯೆಯನ್ನು ಬಿಟ್ಟು ಮೂರನ್ನು ಮಾತ್ರ ಬರೆಯುತ್ತದೆ. ಚಾದರ ಹೋಯಿತು, ಕೆಳಗಿನದು ಕಂಡಿತು. ಡಿಸೈನರ್‌ನ ಸಾಫ್ಟ್‌ವೇರ್ ಪಾರದರ್ಶಕ ಜಾಗದಲ್ಲಿ 0, 0, 0 ಬರೆದಿತ್ತು. ಅದು ಕಪ್ಪು. ಫೋನಿನ ಆ್ಯಪ್ ಬಣ್ಣವನ್ನು ಮುಟ್ಟಿರಲೇ ಇಲ್ಲ, ಆಲ್ಫಾವನ್ನಷ್ಟೇ 0 ಮಾಡಿತ್ತು. ಹಾಗಾಗಿ ಅದರ ಫೈಲುಗಳಲ್ಲಿ ಗ್ರಾನೈಟ್ ನೆಲ ಹಾಗೇ ಮೇಲೆ ಬಂತು. ಕಮಾಂಡಿನದು ಏನೂ ತಪ್ಪಿಲ್ಲ. ಫೈಲುಗಳು ಹುಟ್ಟಿದ ಜಾಗ ಬೇರೆ ಬೇರೆ, ಅಷ್ಟೇ.

ಇದನ್ನು ಊಹೆಯ ಮೇಲೆ ಬಿಡಬೇಕಿಲ್ಲ. ಇಮೇಜ್‌ಮ್ಯಾಜಿಕ್‌ನ ಐಡೆಂಟಿಫೈ ಕಮಾಂಡಿಗೆ ಚಾನೆಲ್ಸ್ (ಕೆಂಪು, ಹಸಿರು, ನೀಲಿ, ಆಲ್ಫಾ ಪದರಗಳು) ಯಾವುವು, ಒಪೇಕ್ (ಪೂರ್ತಿ ಗಟ್ಟಿ) ಹೌದೋ ಅಲ್ಲವೋ ಅಂತ ಕೇಳಬಹುದು. ಇವೆರಡೂ ಬೇರೆ ಪ್ರಶ್ನೆಗಳು. ಫೈಲಿನಲ್ಲಿ ಆಲ್ಫಾ ಚಾನೆಲ್ ಇರಬಹುದು, ಆದರೆ ಎಲ್ಲ ಕಡೆ 255 ಇದ್ದರೆ ಪಾರದರ್ಶಕ ಜಾಗವೇ ಇಲ್ಲ ಅಂತ ಅರ್ಥ. ಕೆಲವು ಫೋಟೊಗಳು ಹಾಗೇ ಇದ್ದವು. ಫೋನಿನಿಂದ ಕಳಿಸುವಾಗ ಮೆಸೇಜ್ ಆ್ಯಪ್ ಅವನ್ನು ಜೆಪೆಗ್ ಮಾಡಿತ್ತು, ಆಮೇಲೆ ಯಾರೋ ಮತ್ತೆ ಪಿಎನ್‌ಜಿ ಅಂತ ಸೇವ್ ಮಾಡಿದ್ದರು. ಅಂಥ ಫೈಲಿನ ಜೊತೆ ಗುದ್ದಾಡಿ ಪ್ರಯೋಜನವಿಲ್ಲ. ತಂಗಿಯಿಂದ ಡಾಕ್ಯುಮೆಂಟ್ ಆಗಿ ಮತ್ತೆ ತರಿಸಿಕೊಂಡೆ.

ಉಳಿದವುಗಳ ಆಲ್ಫಾವನ್ನು ಬೇರೆ ತೆಗೆದೆ:

ಮ್ಯಾಜಿಕ್ ಸೀರೆ.ಪಿಎನ್‌ಜಿ -ಆಲ್ಫಾ ಎಕ್ಸ್‌ಟ್ರಾಕ್ಟ್ ಮಾಸ್ಕ್.ಪಿಎನ್‌ಜಿ

ಸಿಗುವುದು ಕಪ್ಪು ಬಿಳುಪು ಚಿತ್ರ, ಅದಕ್ಕೇ ಮಾಸ್ಕ್ ಅನ್ನುವುದು. ಗಟ್ಟಿ ಇರುವ ಕಡೆ ಬಿಳಿ, ಪಾರದರ್ಶಕ ಕಡೆ ಕಪ್ಪು, ಅರೆಬರೆ ಇರುವ ಕಡೆ ಬೂದು. ಇದನ್ನು ನೋಡಿದ ಮೇಲೆ ಕಪ್ಪು ಹಿನ್ನೆಲೆಯ ತೊಂದರೆ ಚಿಕ್ಕದು, ಇನ್ನೂ ಬೇರೆ ಕಾಯಿಲೆಗಳು ಇವೆ ಅಂತ ಗೊತ್ತಾಯಿತು. ಅವಕ್ಕೆ ಆಮೇಲೆ ಬರುತ್ತೇನೆ.

ಕಪ್ಪಿಗೆ ಮದ್ದು ಇದು:

ಮ್ಯಾಜಿಕ್ ಸೀರೆ.ಪಿಎನ್‌ಜಿ -ಬ್ಯಾಕ್‌ಗ್ರೌಂಡ್ ವೈಟ್ -ಆಲ್ಫಾ ರಿಮೂವ್ -ಆಲ್ಫಾ ಆಫ್ ಸೀರೆ.ಜೆಪಿಜಿ

ಇಲ್ಲಿ ಸಾಲು ಮುಖ್ಯ. ಬ್ಯಾಕ್‌ಗ್ರೌಂಡ್ ಮೊದಲು ಬರಬೇಕು, ಯಾಕಂದರೆ ರಿಮೂವ್ ತನ್ನ ಕೆಲಸ ಮಾಡುವ ಹೊತ್ತಿಗೆ ಬಣ್ಣ ಗೊತ್ತಿರಬೇಕು. ರಿಮೂವ್ ಚಿತ್ರವನ್ನು ಬಿಳಿಯ ಮೇಲೆ ಕೂರಿಸುತ್ತದೆ. ಆಫ್ ಖಾಲಿ ಉಳಿದ ಚಾನೆಲ್ ಅನ್ನು ಮುಚ್ಚುತ್ತದೆ. ರಿಮೂವ್ ಬಿಟ್ಟು ಸುಮ್ನೆ ಆಫ್ ಒಂದನ್ನೇ ಹಾಕಿದರೆ ಮತ್ತೆ ಅದೇ ಕಪ್ಪು, ಅದೇ ಗ್ರಾನೈಟ್. ಫ್ಲ್ಯಾಟನ್ ಅಂತ ಹಳೆಯ ಆಪ್ಷನ್ ಇದೆ. ಒಂದು ಫೈಲಿಗೆ ಅದೂ ನಡೆಯುತ್ತದೆ. ಆದರೆ ಒಂದೇ ಮ್ಯಾಜಿಕ್ ಕಮಾಂಡಿಗೆ ಹತ್ತು ಸೀರೆ ಕೊಟ್ಟು ಫ್ಲ್ಯಾಟನ್ ಅಂದರೆ ಹತ್ತನ್ನೂ ಒಂದರ ಮೇಲೊಂದು ಪೇರಿಸಿ ಒಂದೇ ಚಿತ್ರ ಕೊಡುತ್ತದೆ. ಹೆಚ್ಚು ಫೈಲಿಗೆ ರಿಮೂವ್ ಒಳ್ಳೆಯದು.

ಲೆಕ್ಕದ ಪುಸ್ತಕದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹಿನ್ನೆಲೆ ತೆಗೆದ ಪಿಎನ್‌ಜಿಯನ್ನು ಯಾರಿಗಾದರೂ ಕೊಟ್ಟರೆ, ಅವರು ಆಲ್ಫಾ ಆಫ್ ಮಾಡಿ ಕೆಳಗಿನದನ್ನು ನೋಡಬಹುದು. ಗಿರಾಕಿಗಳ ಹೆಸರು, ಬಾಕಿ ಲೆಕ್ಕ ಎಲ್ಲ ಆ ಪುಟದಲ್ಲಿತ್ತು. ಹೊರಗೆ ಕೊಡುವ ಪ್ರತಿ ಪಿಎನ್‌ಜಿಗೂ ಬ್ಯಾಕ್‌ಗ್ರೌಂಡ್ ವೈಟ್, ಆಲ್ಫಾ ಬ್ಯಾಕ್‌ಗ್ರೌಂಡ್ ಅಂತ ಎರಡು ಆಪ್ಷನ್ ಹಾಕಿ ಅಂತ ತಂಗಿಗೆ ಒತ್ತಿ ಹೇಳಿದೆ. ಅದು ಪೂರ್ತಿ ಪಾರದರ್ಶಕ ಪಿಕ್ಸೆಲ್‌ಗಳ ಕೆಳಗಿನ ಬಣ್ಣವನ್ನು ಬಿಳಿ ಮಾಡುತ್ತದೆ, ಪಾರದರ್ಶಕತೆ ಹಾಗೇ ಉಳಿಯುತ್ತದೆ. ಮೂಲ ಫೈಲು ಮಾತ್ರ ಮನೆಯಲ್ಲೇ ಇರಬೇಕು. ಅದು ಯಾಕೆ ಬೇಕು ಅನ್ನುವುದು ಮುಂದೆ ಬರುತ್ತದೆ.

ಕಣ್ಣಿಗೆ ಕಾಣದ ಧೂಳು

ಬಿಳಿ ಹಿನ್ನೆಲೆ ಬಂತು. ಮುಂದಿನ ಕೆಲಸ ಸುತ್ತಲಿನ ಖಾಲಿ ಜಾಗ ಕತ್ತರಿಸುವುದು. ಅದಕ್ಕೆ ಟ್ರಿಮ್ ಇದೆ. ಆದರೆ ಖಣಗಳ ಫೋಟೊದಲ್ಲಿ ಟ್ರಿಮ್ ಕೆಲಸವನ್ನೇ ಮಾಡಲಿಲ್ಲ. ಚೌಕಾಕಾರದ ಖಣ ಚಿತ್ರದ ನಡುವೆ ಪುಟ್ಟದಾಗಿ ಕೂತಿತ್ತು, ಸುತ್ತ ಎಕರೆಗಟ್ಟಲೆ ಖಾಲಿ.

ಮಾಸ್ಕ್ ನೋಡಿದರೆ ಹೊರಗೆಲ್ಲ ಕಪ್ಪೇ. ಆದರೆ 255ರಲ್ಲಿ 1, 2, 3 ಅನ್ನುವಷ್ಟು ಬೂದು ನಮ್ಮ ಕಣ್ಣಿಗೆ ಕಪ್ಪೇ ಅಲ್ವಾ? ಎಕ್ಸ್‌ಟ್ರಾಕ್ಟ್ ಆದ ಮೇಲೆ ಥ್ರೆಶೋಲ್ಡ್ 0 ಅಂತ ಸೇರಿಸಿದೆ. ಸೊನ್ನೆಗಿಂತ ಒಂದೇ ಒಂದು ಹೆಚ್ಚಿದ್ದರೂ ಅದು ಅಚ್ಚ ಬಿಳಿ ಆಗುತ್ತದೆ. ಆಗ ಕಂಡಿತು ನೋಡಿ. ಖಣದ ಸುತ್ತ ದೊಡ್ಡ ಬಿಳಿ ಮೋಡ, ಅಲ್ಲಲ್ಲಿ ಚುಕ್ಕೆಗಳು, ಚಿತ್ರದ ಅಂಚಿನವರೆಗೂ. ಆ್ಯಪ್ ಖಣದ ನೆರಳನ್ನು ಪೂರ್ತಿ ತೆಗೆಯದೆ ಅದರ ತೆಳು ಪದರವನ್ನು ಬಿಟ್ಟಿತ್ತು. ಅಂಚಿನಲ್ಲಿ ಇಂಥ ಚುಕ್ಕೆಗಳು ಇರುವವರೆಗೆ ಟ್ರಿಮ್‌ಗೆ ಅದು ಖಾಲಿ ಜಾಗವಲ್ಲ.

ಮದ್ದು: -ಚಾನೆಲ್ ಎ -ಲೆವೆಲ್ 5%,100% +ಚಾನೆಲ್, ಆಮೇಲೆ -ಟ್ರಿಮ್ +ರಿಪೇಜ್. ಆಲ್ಫಾದಲ್ಲಿ ನೂರಕ್ಕೆ 5ಕ್ಕಿಂತ ಕಡಿಮೆ ಇರುವುದೆಲ್ಲ ಸೊನ್ನೆಯಾಗುತ್ತದೆ. ರಿಪೇಜ್ ಯಾಕೆ ಅಂದರೆ, ಟ್ರಿಮ್ ಆದ ಚಿತ್ರ ತಾನು ಹಳೆಯ ದೊಡ್ಡ ಹಾಳೆಯ ಯಾವ ಜಾಗದಲ್ಲಿದ್ದೆ ಅನ್ನುವುದನ್ನು ನೆನಪಿಟ್ಟುಕೊಳ್ಳುತ್ತದೆ. ಪಿಎನ್‌ಜಿಯಲ್ಲಿ ಆ ನೆನಪು ಸೇವ್ ಕೂಡ ಆಗುತ್ತದೆ. ಅದನ್ನು ಮರೆಸದಿದ್ದರೆ ಮುಂದೆ ಬ್ಯಾನರ್‌ನಲ್ಲಿ ಕೂರಿಸುವಾಗ ಖಣ ಎಲ್ಲೋ ಪಕ್ಕಕ್ಕೆ ಜರುಗಿರುತ್ತದೆ.

ಕಮಾಂಡ್ ಪ್ರಾಂಪ್ಟ್‌ನಲ್ಲಿ ಒಂದು ಫೈಲಿಗೆ ಹೊಡೆದು ನೋಡಿದೆವು. ಸರಿಯಾಯಿತು. ತಂಗಿ ಅದನ್ನೇ ಕಾಪಿ ಮಾಡಿ ಬ್ಯಾಚ್ ಫೈಲಿಗೆ (ಕಮಾಂಡುಗಳನ್ನು ಬರೆದಿಟ್ಟು ಒಟ್ಟಿಗೆ ಓಡಿಸುವ ಫೈಲು) ಹಾಕಿ ಎಲ್ಲದಕ್ಕೂ ಓಡಿಸಿದಳು. ಧೂಳು ಹೋಗಲಿಲ್ಲ! ಒಂದು ಎರರ್ ಕೂಡ ಇಲ್ಲ.

"ಅಣ್ಣಾ, ನಾ ಏನೂ ಬದಲ್ ಮಾಡಿಲ್ಲ, ಇದ್ದಂಗ ಹಾಕೀನಿ," ಅಂದಳು.

ಅವಳು ಹೇಳಿದ್ದು ನಿಜ. ಬ್ಯಾಚ್ ಫೈಲಿನ ತಲೆಯಲ್ಲಿದ್ದ ಎಕೋ ಆಫ್ ಸಾಲನ್ನು ತೆಗೆಸಿ ಮತ್ತೆ ಓಡಿಸಲು ಹೇಳಿದೆ. ಈಗ ವಿಂಡೋಸ್ ತಾನು ಓಡಿಸುವ ಸಾಲನ್ನೇ ತೋರಿಸಿತು. ಅಲ್ಲಿ ಲೆವೆಲ್ ಮುಂದೆ ಬರೀ 5 ಇತ್ತು. ಶೇಕಡಾ ಚಿಹ್ನೆ ಇಲ್ಲ, ಅಲ್ಪವಿರಾಮ ಇಲ್ಲ, 100 ಇಲ್ಲ.

ಬ್ಯಾಚ್ ಫೈಲಿನೊಳಗೆ ಎರಡು ಶೇಕಡಾ ಚಿಹ್ನೆಗಳ ನಡುವೆ ಏನಿದ್ದರೂ ವಿಂಡೋಸ್ ಅದನ್ನು ವೇರಿಯಬಲ್ ಹೆಸರು ಅಂದುಕೊಂಡು, ಆ ಹೆಸರಿನಲ್ಲಿ ಇಟ್ಟಿರುವ ಪಠ್ಯವನ್ನು ಅಲ್ಲಿ ಹಾಕಲು ನೋಡುತ್ತದೆ. ಇಲ್ಲಿ ನಡುವೆ ಇದ್ದದ್ದು ಅಲ್ಪವಿರಾಮ ಮತ್ತು 100. ಆ ಹೆಸರಿನ ವೇರಿಯಬಲ್ ಇಲ್ಲ, ಹಾಗಾಗಿ ಅಷ್ಟನ್ನೂ ಖಾಲಿ ಮಾಡಿ ಮುಂದೆ ಹೋಯಿತು. ಪ್ರಾಂಪ್ಟ್‌ನಲ್ಲಿ ಕೈಯಿಂದ ಹೊಡೆದರೆ ಮಾತ್ರ ಇಲ್ಲದ ವೇರಿಯಬಲ್ ಅನ್ನು ಇದ್ದ ಹಾಗೇ ಬಿಡುತ್ತದೆ. ಅದಕ್ಕೇ ಅಲ್ಲಿ ನಡೆದದ್ದು ಇಲ್ಲಿ ನಡೆಯಲಿಲ್ಲ. ಎರರ್ ಯಾಕೆ ಬರಲಿಲ್ಲ ಅಂದರೆ, ಲೆವೆಲ್ 5 ಅನ್ನುವುದೂ ಸರಿಯಾದ ಆಪ್ಷನ್ನೇ. ಸಾಮಾನ್ಯವಾಗಿ ಸಿಗುವ ಇಮೇಜ್‌ಮ್ಯಾಜಿಕ್ ಒಳಗೆ 16 ಬಿಟ್‌ನಲ್ಲಿ ಲೆಕ್ಕ ಮಾಡುತ್ತದೆ, ಅಂದರೆ 0ರಿಂದ 65535. ಅಲ್ಲಿ 5 ಲೆಕ್ಕಕ್ಕೇ ಇಲ್ಲ. ನಮ್ಮ ಧೂಳಿನ ಅತಿ ಸಣ್ಣ ಕಣ, 8 ಬಿಟ್‌ನ 1, ಅಲ್ಲಿ 257 ಆಗಿರುತ್ತದೆ. ಹಾಗಾಗಿ ಒಂದು ಕಣವೂ ಹೋಗಲಿಲ್ಲ.

ಬ್ಯಾಚ್ ಫೈಲಿನಲ್ಲಿ ಪ್ರತಿ ಶೇಕಡಾ ಚಿಹ್ನೆಯನ್ನೂ ಎರಡೆರಡು ಸಲ ಬರೆಯಬೇಕು: 5%%,100%%. ಅಷ್ಟು ಮಾಡಿದ್ದಕ್ಕೆ ಖಣಗಳೆಲ್ಲ ಅಂಚಿಗೆ ಸರಿಯಾಗಿ ಕತ್ತರಿಸಿ ಬಂದವು. ವಿಂಡೋಸ್‌ನವರಿಗೆ ಇನ್ನೊಂದು ಮಾತು. ಹಳೆಯ ಟಿಪ್ಪಣಿಗಳಲ್ಲಿ ಮ್ಯಾಜಿಕ್ ಬದಲು ಕನ್ವರ್ಟ್ ಅಂತ ಇರುತ್ತದೆ. ವಿಂಡೋಸ್‌ನಲ್ಲಿ ಅದೇ ಹೆಸರಿನ ಬೇರೆ ಕಮಾಂಡ್ ಇದೆ. ಅದು ಡಿಸ್ಕನ್ನು ಫ್ಯಾಟ್‌ನಿಂದ ಎನ್‌ಟಿಎಫ್‌ಎಸ್‌ಗೆ ಬದಲಾಯಿಸುವಂಥದ್ದು. ಇಮೇಜ್‌ಮ್ಯಾಜಿಕ್‌ನ 7ನೇ ಆವೃತ್ತಿ ಇದ್ದರೆ ಮ್ಯಾಜಿಕ್ ಅಂತಲೇ ಬರೆಯಿರಿ.

ಸುತ್ತಲಿನ ಗುಲಾಬಿ ಗೆರೆ

ಬಿಳಿಯ ಮೇಲೆ ಚಂದ್ರಕಾಳಿ ಚೆನ್ನಾಗಿ ಕಂಡಿತು. ಆದರೆ ದೊಡ್ಡದು ಮಾಡಿ ನೋಡಿದರೆ ಸುತ್ತ ತೆಳುವಾದ ಗುಲಾಬಿ ಗೆರೆ. ಸೆರಗಿನ ತುದಿಯ ಗೊಂಡೆಗಳಲ್ಲಂತೂ ಎಳೆ ಎಳೆಗೂ ಅದೇ.

ಇದಕ್ಕೆ ಸ್ವಲ್ಪ ಗಣಿತ ಬೇಕು. 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್‌ನಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕರಾದ ಎಡ್ ಕ್ಯಾಟ್ಮಲ್, ಆಲ್ವಿ ರೇ ಸ್ಮಿತ್ ಆಲ್ಫಾವನ್ನು ಚಿತ್ರದ ಜೊತೆಗೇ ಇಡುವ ಪದ್ಧತಿ ತಂದರು. 1984ರಲ್ಲಿ ಲ್ಯೂಕಾಸ್‌ಫಿಲ್ಮ್‌ನ ಥಾಮಸ್ ಪೋರ್ಟರ್, ಟಾಮ್ ಡಫ್ ಒಂದರ ಮೇಲೊಂದು ಚಿತ್ರ ಕೂರಿಸುವ ಪೂರ್ತಿ ಲೆಕ್ಕ ಬರೆದರು. ಇವತ್ತಿಗೂ ನಡೆಯುವುದು ಅದೇ. ಕಾಣುವ ಬಣ್ಣ ಅಂದರೆ ಮೇಲಿನ ಬಣ್ಣವನ್ನು ಆಲ್ಫಾದಿಂದ ಗುಣಿಸಿ, ಕೆಳಗಿನ ಬಣ್ಣವನ್ನು ಒಂದರಲ್ಲಿ ಆಲ್ಫಾ ಕಳೆದು ಉಳಿದದ್ದರಿಂದ ಗುಣಿಸಿ, ಎರಡನ್ನೂ ಕೂಡಿಸಿದ್ದು.

ಅಂಚಿನ ಒಂದು ಪಿಕ್ಸೆಲ್ ಹಿಡಿಯೋಣ. ಅದರ ಅರ್ಧ ಸೀರೆ, ಅರ್ಧ ನೆಲ. ಸೀರೆಯ ಕೆಂಪು 20, ಹಸಿರು 20 ಇರಲಿ. ಗ್ರಾನೈಟಿನ ಕೆಂಪು 150, ಹಸಿರು 80. ಕ್ಯಾಮೆರಾ ಎರಡನ್ನೂ ಬೆರೆಸಿ ಕೆಂಪು 85, ಹಸಿರು 50 ಅಂತ ಬರೆಯುತ್ತದೆ. ಆ್ಯಪ್ ಈ ಪಿಕ್ಸೆಲ್‌ಗೆ ಅರ್ಧ ಆಲ್ಫಾ ಕೊಟ್ಟಿತು, ಅದು ಸರಿಯೇ. ಆದರೆ ಬಣ್ಣದಲ್ಲಿ ಸೇರಿದ್ದ ಗ್ರಾನೈಟ್ ಅಲ್ಲೇ ಉಳಿಯಿತು. ಇದನ್ನು ಬಿಳಿ 255ರ ಮೇಲೆ ಕೂರಿಸಿದರೆ ಕೆಂಪು 170, ಹಸಿರು 152 ಆಗುತ್ತದೆ. ಗ್ರಾನೈಟ್ ಇಲ್ಲದಿದ್ದರೆ ಎರಡೂ 137ರ ಆಸುಪಾಸು ಇರಬೇಕಿತ್ತು, ಅಂದರೆ ಬರೀ ಬೂದು. ಕೆಂಪು ಹೆಚ್ಚಾದದ್ದೇ ಆ ಗುಲಾಬಿ.

ಮಡಚಿಟ್ಟ ಸೀರೆಯ ನೇರ ಅಂಚುಗಳಿಗೆ ಸುಲಭದ ದಾರಿ ಇದೆ. ಆಲ್ಫಾವನ್ನು ಒಂದು ಪಿಕ್ಸೆಲ್ ಒಳಕ್ಕೆ ಸವೆಸಿದರೆ ಸಾಕು: -ಚಾನೆಲ್ ಎ -ಮಾರ್ಫಾಲಜಿ ಇರೋಡ್ ಡೈಮಂಡ್:1 +ಚಾನೆಲ್. ಇದನ್ನು ದೊಡ್ಡ ಮೂಲ ಫೈಲಿನ ಮೇಲೆ ಮಾಡಿ, ಆಮೇಲೆ ಚಿಕ್ಕದು ಮಾಡಬೇಕು. ಮೊದಲೇ ಚಿಕ್ಕದು ಮಾಡಿದರೆ ಒಂದು ಪಿಕ್ಸೆಲ್ ಅಂದರೂ ದಡಿಯಲ್ಲಿ ಕಣ್ಣಿಗೆ ಬೀಳುವಷ್ಟು ಹೋಗುತ್ತದೆ.

ಗೊಂಡೆಗೆ ಇದು ಆಗುವುದಿಲ್ಲ. ಎಳೆ ಇರುವುದೇ ಎರಡು ಮೂರು ಪಿಕ್ಸೆಲ್ ದಪ್ಪ. ಸವೆಸಿದರೆ ಗೊಂಡೆಯೇ ಇಲ್ಲ. ನೇಕಾರರು, ಗೊಂಡೆ ಕಟ್ಟುವ ಹೆಣ್ಣುಮಕ್ಕಳು ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ಒಂದು ಕಮಾಂಡಿನಲ್ಲಿ ಕತ್ತರಿಸಿ ಹಾಕಲು ನನಗೆ ಮನಸ್ಸು ಬರುವುದಿಲ್ಲ. ಗೊಂಡೆ ಕಾಣುವ ಫೋಟೊಗಳನ್ನು ಬಿಳಿ ಬಟ್ಟೆ ಹಾಸಿ ಮತ್ತೆ ತೆಗೆಯಲು ಹೇಳಿದೆ. ಆಗಲೂ ಅಂಚಿನಲ್ಲಿ ಹಿನ್ನೆಲೆ ಸೇರುತ್ತದೆ. ಆದರೆ ಸೇರುವುದು ಬಿಳಿ, ಕೂರಿಸುವುದೂ ಬಿಳಿಯ ಮೇಲೆ. ಎಳೆ ಸ್ವಲ್ಪ ತೆಳ್ಳಗೆ ಕಾಣಬಹುದು, ಬೇರೆ ಬಣ್ಣ ಬರುವುದಿಲ್ಲ. ಯಾವ ಬಣ್ಣದ ಮೇಲೆ ತೋರಿಸಬೇಕೋ ಅದಕ್ಕೆ ಹತ್ತಿರದ ಬಣ್ಣದ ಮೇಲೆ ಫೋಟೊ ತೆಗೆದರೆ ಈ ತೊಂದರೆ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ.

ಸೆರಗಿನ ತೂತುಗಳು

ಪಂಚಮಿಗೆ ಕಾಕಾನಿಗೆ ಕುಂಕುಮದ ಬಣ್ಣದ ದೊಡ್ಡ ಬ್ಯಾನರ್ ಬೇಕಿತ್ತು, ಅದರ ಮೇಲೆ ಸೀರೆಗಳು. ಪಾರದರ್ಶಕ ಪಿಎನ್‌ಜಿ ನೇರವಾಗಿ ಕೆಲಸಕ್ಕೆ ಬರುವುದು ಇಲ್ಲೇ. ಗ್ರಾನೈಟ್ ಗೆರೆ ಕೆಂಪಿನ ಮೇಲೆ ಕಾಣಲೇ ಇಲ್ಲ. ಆದರೆ ಬಿಳಿಯ ಮೇಲೆ ಸರಿಯಾಗಿದ್ದ ಸೆರಗುಗಳು ಹಾಳಾಗಿ ಕಂಡವು. ತೋಪು ತೆನೆಯ ಬಿಳಿ ವಿನ್ಯಾಸ ಅಲ್ಲಲ್ಲಿ ಕೆಂಪಾಗಿತ್ತು, ಅದರ ಹಣಿಗೆ ಹಲ್ಲಿನಂಥ ಗೆರೆಗಳು ಅರ್ಧಕ್ಕೆ ನಿಂತಿದ್ದವು.

ಮೊದಲ ದಿನದ ಮಾಸ್ಕ್‌ನಲ್ಲೇ ಇದು ಕಂಡಿತ್ತು. ಸೆರಗಿನ ಜಾಗ ಪೂರ್ತಿ ಬಿಳಿ ಇರಬೇಕಿತ್ತು, ಅಲ್ಲಿ ಬೂದು ಮತ್ತು ಕಪ್ಪು ಚುಕ್ಕೆಗಳಿದ್ದವು. ಆ್ಯಪ್ ಬಿಳಿ ನೂಲನ್ನು ಬೆಳಕು ಬಿದ್ದ ಹಿನ್ನೆಲೆ ಅಂದುಕೊಂಡು ತೆಗೆದುಬಿಟ್ಟಿತ್ತು. ಬಿಳಿ ಹಿನ್ನೆಲೆಯಲ್ಲಿ ಬಿಳಿ ತೂತು ಯಾರಿಗೆ ಕಾಣಬೇಕು? ಬಣ್ಣದ ಮೇಲೆ ಇಟ್ಟಾಗಲೇ ಗೊತ್ತಾಗುವುದು.

ಇಲ್ಲಿ ಮೂಲ ಫೈಲು ಕೈ ಹಿಡಿಯಿತು. ಆ್ಯಪ್ ಬಣ್ಣವನ್ನು ಅಳಿಸಿರಲಿಲ್ಲ ಅಂತ ಮೊದಲೇ ಹೇಳಿದೆನಲ್ಲ. ಅಂದರೆ ತೂತಿನ ಕೆಳಗೆ ತೋಪು ತೆನೆ ನೇಯ್ದ ಹಾಗೇ ಇದೆ. ಆಲ್ಫಾದಲ್ಲಿರುವ ತೂತು ಮುಚ್ಚಿದರೆ ಸಾಕು, ಅದು ಮೇಲೆ ಬರುತ್ತದೆ. ಗ್ರಾನೈಟ್ ನೆಲವನ್ನು ವಾಪಸ್ ತಂದ ಗುಣವೇ ಸೆರಗನ್ನೂ ವಾಪಸ್ ತಂದಿತು.

ಆಲ್ಫಾವನ್ನು ಎಕ್ಸ್‌ಟ್ರಾಕ್ಟ್ ಮಾಡಿ, ಅದಕ್ಕೆ -ಮಾರ್ಫಾಲಜಿ ಕ್ಲೋಸ್ ಡಿಸ್ಕ್:8 ಕೊಟ್ಟೆ. ಕ್ಲೋಸ್ ಬಿಳಿಯ ನಡುವಿನ ಸಣ್ಣ ಕಪ್ಪು ಜಾಗಗಳನ್ನು ತುಂಬುತ್ತದೆ, ಹೊರಗಿನ ಅಂಚನ್ನು ಬಹುಪಾಲು ಇದ್ದಲ್ಲೇ ಬಿಡುತ್ತದೆ. ಡಿಸ್ಕ್‌ನ ಸಂಖ್ಯೆ ತೂತಿನ ಅಗಲ ನೋಡಿ ಇಡಬೇಕು. ಜಾಸ್ತಿ ಇಟ್ಟರೆ ಗೊಂಡೆಗಳ ನಡುವಿನ ಸಂದಿಯೂ ತುಂಬಿ, ಅಲ್ಲಿ ಗ್ರಾನೈಟ್ ಇಣುಕುತ್ತದೆ. ಹಾಗಾಗಿ ಸೆರಗಿನ ಗೊಂಡೆ ಭಾಗಕ್ಕೆ ಹಳೆಯ ಮಾಸ್ಕ್, ಉಳಿದ ಕಡೆಗೆ ಹೊಸದು ಅಂತ ಜೋಡಿಸಿದೆ.

ಸರಿ ಮಾಡಿದ ಮಾಸ್ಕನ್ನು ಚಿತ್ರಕ್ಕೆ ವಾಪಸ್ ಹಾಕುವುದು ಹೀಗೆ:

ಮ್ಯಾಜಿಕ್ ಸೀರೆ.ಪಿಎನ್‌ಜಿ ಮಾಸ್ಕ್.ಪಿಎನ್‌ಜಿ -ಆಲ್ಫಾ ಆಫ್ -ಕಂಪೋಸ್ ಕಾಪಿಒಪಾಸಿಟಿ -ಕಂಪೋಸಿಟ್ ಹೊಸಸೀರೆ.ಪಿಎನ್‌ಜಿ

ನಡುವಿನ ಆಲ್ಫಾ ಆಫ್ ಬಿಡಬೇಡಿ. ಮಾಸ್ಕ್ ಫೈಲಿಗೆ ತನ್ನದೇ ಆಲ್ಫಾ ಇದ್ದರೆ, ಕಾಪಿಒಪಾಸಿಟಿ ಬೂದು ಬಣ್ಣವನ್ನು ಬಿಟ್ಟು ಆ ಆಲ್ಫಾವನ್ನೇ ತೆಗೆದುಕೊಳ್ಳುತ್ತದೆ. ಆಗ ಸೀರೆ ಪೂರ್ತಿ ಗಟ್ಟಿಯಾಗಿ, ನೆಲ ಸಮೇತ ಬರುತ್ತದೆ.

ಕೆಲವು ಸೀರೆಗಳಲ್ಲಿ ಇದು ಫಲಿಸಲಿಲ್ಲ. ತೂತು ಮುಚ್ಚಿದಾಗ ಅಲ್ಲಿ ತೋಪು ತೆನೆಯ ಬದಲು ಸಪಾಟಾದ ಬೇರೆ ಬಣ್ಣದ ತೇಪೆ ಬಂತು. ತಂಗಿಯನ್ನು ಕೇಳಿದೆ. ಅವುಗಳ ಸೈಜ್ ದೊಡ್ಡದಾಗಿತ್ತು ಅಂತ ಮೊದಲು ವೆಬ್‌ಪಿ (ಸೈಜ್ ಚಿಕ್ಕದಾಗುವ ಇನ್ನೊಂದು ಬಗೆಯ ಚಿತ್ರದ ಫೈಲು) ಮಾಡಿ, ಮೂಲ ಅಳಿಸಿದ್ದರಂತೆ. ವೆಬ್‌ಪಿ ಮಾಡುವ ಸಿವೆಬ್‌ಪಿ ಕಮಾಂಡ್, ಎಕ್ಸಾಕ್ಟ್ ಅನ್ನುವ ಆಪ್ಷನ್ ಕೊಡದಿದ್ದರೆ, ಪೂರ್ತಿ ಪಾರದರ್ಶಕ ಜಾಗದ ಕೆಳಗಿನ ಬಣ್ಣವನ್ನು ತನಗೆ ಬೇಕಾದ ಹಾಗೆ ಬದಲಾಯಿಸುತ್ತದೆ. ಫೈಲು ಚಿಕ್ಕದಾಗಲಿ ಅಂತ. ಕಾಣದ ಬಣ್ಣ ಯಾರಿಗೆ ಬೇಕು ಅನ್ನುವುದು ಅದರ ಲೆಕ್ಕ, ಮತ್ತು ಹೆಚ್ಚಿನವರಿಗೆ ಅದು ಸರಿಯೇ. ನಮ್ಮ ತೋಪು ತೆನೆ ಮಾತ್ರ ಅಲ್ಲೇ ಹೋಯಿತು. ಅರ್ಧ ಆಲ್ಫಾ ಉಳಿದಿದ್ದ ಕಡೆ ಬಣ್ಣ ಸಿಕ್ಕಿತು, ಸೊನ್ನೆ ಆದ ಕಡೆ ಸಿಗಲಿಲ್ಲ.

ಆ ಸೀರೆಗಳಲ್ಲಿ ಮಾರಾಟವಾಗದೆ ಉಳಿದಿದ್ದವನ್ನು ಮತ್ತೆ ಫೋಟೊ ತೆಗೆದರು, ಈ ಸಲ ಕುಂಕುಮದ ಬಣ್ಣದ ಬಟ್ಟೆಯ ಮೇಲೆ. ಬ್ಯಾನರ್ ಅವುಗಳಿಂದಲೇ ಮುಗಿಯಿತು. ಈಗ ತಂಗಿಯ ಬ್ಯಾಚ್ ಫೈಲು ಪ್ರತಿ ಸೀರೆಗೂ ಮೊದಲು ಥ್ರೆಶೋಲ್ಡ್ 0 ಹಾಕಿದ ಒಂದು ಮಾಸ್ಕ್, ಹಾಕದ ಒಂದು ಮಾಸ್ಕ್ ತೆಗೆದು ಬೇರೆ ಫೋಲ್ಡರಿಗೆ ಹಾಕುತ್ತದೆ. ಅವಳು ಅವೆರಡನ್ನೂ ನೋಡಿದ ಮೇಲೆಯೇ ಜೆಪೆಗ್ ಮಾಡುವ ಎರಡನೇ ಬ್ಯಾಚ್ ಫೈಲನ್ನು ಓಡಿಸುತ್ತಾಳೆ.